ಅಕ್ಕನ ನೀಲಿ

"ಇನ್ನೊಂದು ಸಲ ತಿಕ್ಕಿ ನೋಡ್ತೀನಿ, ಇರು," ಎಂದು ಅತ್ತಿಗೆ ಮತ್ತೆ ಸೋಪಿಗೆ ಕೈ ಹಾಕಿದಾಗ, ಚಿಕ್ಕವಳು ಅಕ್ಕನ ಕೈಯನ್ನು ಅವಳ ಹಿಡಿತದಿಂದ ಮೆಲ್ಲಗೆ ಬಿಡಿಸಿಕೊಂಡಳು.

"ಸಾಕು ಬಿಡಿ ಅತ್ತಿಗೆ. ಅದು ಹೋಗೋದಲ್ಲ."

"ಹೀಗೇ ಕಳಿಸ್ತೀಯಾ? ಉಗುರೆಲ್ಲಾ ನೀಲಿ! ನೋಡಿದೋರು ಏನಂದ್ಕೊಳ್ತಾರೆ?"

"ನೋಡೋಕೆ ಬರೋರು ಮೈಮೇಲೆ ಹಾಕ್ಕೊಂಡು ಬರೋದೂ ಅದೇ ನೀಲಿನೇ. ಯಾರೂ ಏನೂ ಅಂದ್ಕೊಳ್ಳಲ್ಲ."

ಅತ್ತಿಗೆ ಮೂಗು ಮುರಿದು ಸೋಪಿನ ನೀರು ಚೆಲ್ಲಲು ಎದ್ದು ಹೋದಳು. ಚಿಕ್ಕವಳು ಅಕ್ಕನ ಬೆರಳುಗಳನ್ನು ಒಂದೊಂದಾಗಿ ಒರೆಸಿ, ಕೈಗಳನ್ನು ಎದೆಯ ಮೇಲೆ ಜೋಡಿಸಿಟ್ಟಳು. ಆ ಕೈಗಳು ಸುಮ್ಮನೆ ಕೂತಿದ್ದನ್ನು ಅವಳು ನೋಡಿದ್ದು ಇದೇ ಮೊದಲು. ಅಳು ಬರಬೇಕಿತ್ತು, ಬರಲಿಲ್ಲ.

ಚಿಕ್ಕವಳು ಅಂದರೆ ಹುಡುಗಿಯೇನಲ್ಲ, ಐವತ್ತು ದಾಟಿದ ಹೆಂಗಸು. ಮೂವರಲ್ಲಿ ಕೊನೆಯವಳು ಎಂಬ ಒಂದೇ ಕಾರಣಕ್ಕೆ ಆ ಹೆಸರು ಅಂಟಿಕೊಂಡು, ಕೂದಲು ನೆರೆತ ಮೇಲೂ ಬಿಡಲಿಲ್ಲ. ತಾಯಿ ತೀರಿಕೊಂಡಾಗ ಅವಳಿಗೆ ಜಡೆ ಹೆಣೆದುಕೊಳ್ಳಲೂ ಬರುತ್ತಿರಲಿಲ್ಲ. ಸಾಕಿ ದೊಡ್ಡವಳನ್ನಾಗಿ ಮಾಡಿದ್ದು ಅಕ್ಕ. ನಡುವಿನ ಅಣ್ಣ ಮದುವೆಯಾಗಿ ಮಹಡಿ ಸೇರಿದ. ಕೆಳಗಿನ ಮನೆಯಲ್ಲಿ ಅಕ್ಕ, ತಂಗಿ ಮತ್ತು ಉಲ್ಲನ್. ಬಿಳಿ ಉಲ್ಲನ್ ಲಡಿಗಳನ್ನು ತರಿಸಿ, ಹಿಂದಿನ ಕೋಣೆಯಲ್ಲಿ ದೊಡ್ಡ ಪಾತ್ರೆಗಳಲ್ಲಿ ಬಣ್ಣ ಕಟ್ಟಿ, ಹೆಣಿಗೆ ಹೆಣೆಯುವವರಿಗೆ ಮಾರುವುದು ಅಕ್ಕನ ಕಸುಬು. ಬಣ್ಣ ಕಟ್ಟುವವಳು ಅಕ್ಕ. ನೀರು ಹೊರುವುದು, ಜಾಲಿಸುವುದು, ಹಿಂಡುವುದು, ಒಣಹಾಕುವುದು ಚಿಕ್ಕವಳ ಪಾಲು. ಹಾಗೆಂದು ಊರು ತಿಳಿದಿತ್ತು.

ನಿನ್ನೆ ಸಂಜೆ ಅಕ್ಕ ಬಕೆಟ್ಟಿನಲ್ಲಿ ಲಡಿಗಳನ್ನು ನೆನೆಹಾಕಿ, "ಯಾಕೋ ತಲೆ ಭಾರ ಕಣೇ," ಎಂದು ಸ್ಟೂಲಿನ ಮೇಲೆ ಕೂತವಳು ಎದ್ದೇಳಲಿಲ್ಲ. ಡಾಕ್ಟರು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಬಿಸಿಲೇರುವ ಹೊತ್ತಿಗೆ ಮುಂದಿನ ಕೋಣೆ ತುಂಬಿತು. ಚಿಕ್ಕವಳ ಮಾತು ಸುಳ್ಳಾಗಲಿಲ್ಲ. ಸೆಕೆಗೆ ಗೋಡೆಯೇ ಬೆವರುವಂತಿದ್ದರೂ ಒಬ್ಬರ ಹೆಗಲಲ್ಲಿ ಶಾಲು, ಇನ್ನೊಬ್ಬರ ಕೈಯಲ್ಲಿ ಟೋಪಿ. ಪಕ್ಕದ ಬೀದಿಯ ಟೈಲರ್ ತುಂಬುತೋಳಿನ ಸ್ವೆಟರ್ ಹಾಕಿಕೊಂಡು ಬಂದು, ಬೆವರನ್ನೂ ಕಣ್ಣೀರನ್ನೂ ಒಂದೇ ಕರವಸ್ತ್ರದಲ್ಲಿ ಒರೆಸಿಕೊಳ್ಳುತ್ತಿದ್ದ. ಎಲ್ಲವೂ ಅದೇ ಬಣ್ಣ. ದೀಪ ಹಚ್ಚುವ ಹೊತ್ತಿನ ಆಕಾಶದಂಥ ನೀಲಿ, ಒಳಗೆಲ್ಲೋ ಒಂದಿಷ್ಟು ಮಣ್ಣು, ಅಂಚಿನಲ್ಲಿ ಕಂಡೂ ಕಾಣದ ಹಸಿರು. ಅದಕ್ಕೆ ಜನ ಇಟ್ಟ ಹೆಸರು 'ಅಕ್ಕನ ನೀಲಿ'.

"ಇಂಥ ನೀಲಿ ಇನ್ನು ಹುಟ್ಟೋದಿಲ್ಲ ಬಿಡಿ," ಎಂದ ಟೈಲರ್.

"ಹುಟ್ಟೋಕೆ ಆ ಕಣ್ಣು ಬೇಕಲ್ರೀ!" ಎಂದರು ಇನ್ನೊಬ್ಬರು. "ಎಂಥ ಕಣ್ಣು ಅಕ್ಕಂದು!"

 ಆ ಕಣ್ಣಿನ ಸಂಗತಿ ಗೊತ್ತಿದ್ದವಳು ತಾನೊಬ್ಬಳೇ ಎಂದು ಚಿಕ್ಕವಳ ನಂಬಿಕೆ. ಹತ್ತು ಹನ್ನೊಂದು ವರ್ಷದಿಂದ ಅಕ್ಕನ ಎರಡು ಕಣ್ಣಿಗೂ ಪೊರೆ. ನೀಲಿ ಯಾವುದು, ಕಪ್ಪು ಯಾವುದು ಎಂದು ಅಕ್ಕನಿಗೆ ಕಾಣುತ್ತಿರಲಿಲ್ಲ. ಅಕ್ಕನ ನೀಲಿ ಅಕ್ಕನದಾಗಿರಲೇ ಇಲ್ಲ.

ಈಗ ಬಾಯಿ ಮುಚ್ಚಿಕೊಂಡಿದ್ದರೆ ಮುಗಿಯಿತು. ನೀಲಿ ಅಕ್ಕನ ಜೊತೆಗೇ ಹೋಯಿತು ಎಂದು ಊರು ನಂಬಲಿ, ಪಾತ್ರೆಗಳು ಗುಜರಿಗೆ ಹೋಗಲಿ, ತಾನು ಬಸ್ಸು ಹತ್ತಲಿ. ದೂರದ ಹೊಳೆಯೂರಿನಲ್ಲಿ ಅವಳ ಶಾಲೆಯ ಗೆಳತಿಯ ಸಂಸಾರ ದೋಣಿ ನಡೆಸುತ್ತಿತ್ತು. ಟಿಕೆಟ್ ಕೊಡಲು ನಂಬಿಕೆಯ ಜನ ಬೇಕು, ಮೇಲೊಂದು ಕೋಣೆಯಿದೆ ಬಾ ಎಂದು ಗೆಳತಿ ಎರಡು ಸಲ ಕರೆದಿದ್ದಳು, ಎರಡು ಸಲವೂ ಚಿಕ್ಕವಳು ಆಗುವುದಿಲ್ಲ ಎಂದಿದ್ದಳು. ಸುದ್ದಿ ತಿಳಿದು ಇವತ್ತು ಬೆಳಿಗ್ಗೆ ಫೋನಿನಲ್ಲಿ ಅತ್ತು, ಮೂಗೊರೆಸಿಕೊಂಡು, ಗೆಳತಿ ಮತ್ತೆ ಕೇಳಿದಳು: "ಈಗಲಾದ್ರೂ ಬರ್ತೀಯೇನೇ? ಹೊಳೆ ಪಕ್ಕದಲ್ಲೇ ಕೂತಿರ್ತೀಯ, ಆದ್ರೆ ಕೈ ಒದ್ದೆ ಆಗಲ್ಲ, ನನ್ನಾಣೆ."

ಕೈ ಒದ್ದೆಯಾಗದ ಒಂದು ದಿನ. ಹೆಣದ ಪಕ್ಕ ಕೂತು ಅದನ್ನು ನೆನೆದು ಖುಷಿಪಡುತ್ತಿದ್ದೇನಲ್ಲ ಎಂದು ಚಿಕ್ಕವಳಿಗೆ ನಾಚಿಕೆಯಾಯಿತು. ಆದರೂ ನೆನೆಯುವುದನ್ನು ಬಿಡಲಿಲ್ಲ.

ಅಷ್ಟರಲ್ಲಿ ಟೀಚರ್ ಬಂದರು. ಶಾಲೆಯಿಂದ ನಿವೃತ್ತರಾದ ದೊಡ್ಡ ಮೈಕಟ್ಟಿನ ಹೆಂಗಸು. ಹೆಗಲಲ್ಲಿ ಬಟ್ಟೆಯ ಚೀಲ. ಅಕ್ಕನ ಕಾಲ ಬಳಿ ಕೂತು ಅತ್ತರು, ಅತ್ತಾದ ಮೇಲೂ ಏಳದೆ ಚೀಲವನ್ನು ಹಿಂದೆ ಮುಂದೆ ಸರಿಸುತ್ತಿದ್ದರು.

"ಏನು ಟೀಚರ್?" ಎಂದಳು ಚಿಕ್ಕವಳು.

"ಏನೂ ಇಲ್ಲಮ್ಮ... ಇಂಥ ಹೊತ್ತಲ್ಲಿ ಕೇಳಬಾರದು. ನಂಗೇ ಅಸಹ್ಯ ಆಗ್ತಿದೆ." ಚೀಲದಿಂದ ನೀಲಿ ಸ್ವೆಟರ್ ಇಣುಕಿತು. ಒಂದೇ ತೋಳು. "ಗಂಡನಿಗೆ, ಮಕ್ಕಳಿಗೆ, ಮೊಮ್ಮಕ್ಕಳಿಗೆ ಹೆಣೆದೂ ಹೆಣೆದೂ, ಈ ಸಲ ನಂಗೇ ಅಂತ ಕೂತೆ. ಒಂದು ತೋಳು ಮುಗೀತು, ಉಲ್ಲನ್ನೂ ಮುಗೀತು. ನಿನ್ನೆ ಫೋನಲ್ಲಿ ಅಕ್ಕ, ನೆನೆಹಾಕಿದೀನಿ, ನಾಳೆ ಬನ್ನಿ ಅಂದ್ರು. ಇನ್ನೇನು, ಅವ್ರೇ ಹೋದ್ರಲ್ಲ. ಒಂದು ತೋಳಿನ ಸ್ವೆಟರ್ ನನ್ನ ಹಣೇಲಿ ಬರ್ದಿದೆ."

ಚಿಕ್ಕವಳು ಆ ತೋಳನ್ನು ನೋಡಿದಳು. ನಾಲಗೆಯ ತುದಿಗೆ ಬಂದ ಮಾತನ್ನು ನುಂಗಿ, "ಟೀ ಕುಡೀರಿ ಟೀಚರ್," ಎಂದಳು.

*

ಅಕ್ಕನ ಕೈ ಮೊದಲ ಸಲ ತಪ್ಪಿದ್ದು ಹತ್ತು ವರ್ಷದ ಹಿಂದೆ. ಕಡುನೀಲಿ ಮಾಡಬೇಕಿತ್ತು, ನೀಲಿಗೆ ಒಂದಿಷ್ಟು ಕಪ್ಪು ಬೆರೆಸುವುದು ಅಕ್ಕನ ಕ್ರಮ. ಕಪ್ಪು ಪುಡಿಯ ಬದಲು ಅಕ್ಕ ಪಕ್ಕದ ಡಬ್ಬಿಯ ಕಂದು ಪುಡಿ ಹಾಕಿಬಿಟ್ಟಳು, ಅದೂ ತುಂಬಿದ ಚಮಚ. ಪಾತ್ರೆಯಲ್ಲಿ ಲಡಿಗಳು ಕೆಸರಿನಲ್ಲಿ ಬಿದ್ದೆದ್ದ ಎಮ್ಮೆಯ ಬಾಲದಂತಾದವು. ಅಕ್ಕ ಬಗ್ಗಿ ನೋಡಿ, "ಚೆನ್ನಾಗಿ ಹಿಡೀತಿದೆ, ಅಲ್ವೇನೇ?" ಎಂದು ಕೇಳಿದಳು.

ಅದಕ್ಕೂ ಮೊದಲು ತಿಂಗಳುಗಟ್ಟಲೆ ಅಕ್ಕ ಬಲ್ಬು ಬದಲಾಯಿಸುತ್ತಿದ್ದಳು. "ಈ ಅಂಗಡಿಯೋನು ಮೋಸ ಮಾಡ್ತಾನೆ, ಬೆಳಕೇ ಇಲ್ಲ" ಎಂಬ ಗೊಣಗಾಟ ಬೇರೆ. ಎಮ್ಮೆಬಾಲ ಕಂಡಾಗ ಚಿಕ್ಕವಳಿಗೆ ತಪ್ಪು ಬಲ್ಬಿನದಲ್ಲ ಎಂದು ಹೊಳೆಯಿತು. ಆಪರೇಷನ್ ಎಂದರೆ ಅಕ್ಕ ಕೇಳುವವಳಲ್ಲ. ಕಣ್ಣಿಗೆ ಯಾರೂ ಕೈ ಹಾಕಕೂಡದು ಎಂದು ಮೊದಲೇ ಸಾರಿದ್ದಳು. ನಿನಗೆ ಕಣ್ಣು ಕಾಣುತ್ತಿಲ್ಲ ಎಂದು ಹೇಳಿದರೆ ಅಕ್ಕ ಅವತ್ತೇ ಪಾತ್ರೆ ಮಗುಚಿಡುತ್ತಾಳೆ. ಪಾತ್ರೆ ಮಗುಚಿದರೆ ಅಕ್ಕ ಬದುಕುವುದಿಲ್ಲ.

ಬಾಗಿಲಲ್ಲಿ ಯಾರೋ ಕರೆದು ಅಕ್ಕ ಆಚೆ ಹೋದದ್ದೇ ತಡ, ಚಿಕ್ಕವಳು ಅರ್ಧ ಬಣ್ಣದ ನೀರನ್ನು ಬಚ್ಚಲಿಗೆ ಸುರಿದಳು. ಬಿಸಿನೀರು ಹೊಯ್ದು, ಅರ್ಧ ಚಮಚ ನೀಲಿ, ಬಣ್ಣ ಹಿಡಿಯಲು ಒಂದು ಬಟ್ಟಲು ವಿನೆಗರ್ ಹಾಕಿದಳು. ಉಲ್ಲನ್ ಬಣ್ಣ ಕುಡಿದೂ ಕುಡಿದೂ ನೀರು ತಿಳಿಯಾಗುತ್ತ ಬಂದಾಗ, ಇನ್ನೂ ಏನೋ ಸಾಲದೆನ್ನಿಸಿ ಒಂದು ಚಿಟಿಕೆ ಹಸಿರು ಉದುರಿಸಿದಳು. ಲೆಕ್ಕವಿಲ್ಲ, ಅಳತೆಯಿಲ್ಲ, ಕಣ್ಣು ಹೇಳಿದಷ್ಟು. ಆಗ ಆ ನೀಲಿ ಎದ್ದು ಬಂತು.  ಅಷ್ಟು ಚಂದದ್ದನ್ನು ಅವಳ ಕೈ ಹಿಂದೆಂದೂ ಮಾಡಿರಲಿಲ್ಲ.

ವಾರದಲ್ಲಿ ಆ ಲಡಿಗಳೆಲ್ಲ ಖಾಲಿಯಾಗಿ, ಇನ್ನೂ ಬೇಕು ಎಂದು ಜನ ಬಾಗಿಲಿಗೆ ಬಂದರು. ಅಕ್ಕ ಮತ್ತೆ ಪಾತ್ರೆ ಇಟ್ಟಳು, ಮತ್ತೆ ಕಂದು ಹಾಕಿದಳು. ಪ್ರತಿ ಸಲವೂ ಅದೇ ಡಬ್ಬಿ, ಅದೇ ತುಂಬಿದ ಚಮಚ. ತಪ್ಪು ಮಾಡುವುದರಲ್ಲೂ ನಮ್ಮಕ್ಕ ಶಿಸ್ತು ಎಂದು ಚಿಕ್ಕವಳು ಮನಸ್ಸಿನಲ್ಲೇ ನಗುತ್ತಿದ್ದಳು. ಹಾಕಿ ಮುಗಿಸಿ ಅಕ್ಕ ಮುಂದಿನ ಕೋಣೆಗೆ ಹೋಗಿ ಕೂರುವಳು, ಇವಳು ಸರಿಮಾಡುವಳು. ಒಂದು ದಿನ ತಾನಿಲ್ಲದಿದ್ದರೂ ಎಮ್ಮೆಬಾಲ ಹೊರಗೆ ಹೋಗಿ ಅಕ್ಕನ ಮಾನ ಹೋಗುತ್ತದೆ. ಹಾಗಾಗಿ ಗೆಳತಿಯ ಮಗಳ ಮದುವೆಗೂ ಅವಳು ಹೋಗಲಿಲ್ಲ. ಜ್ವರ ಬಂದರೂ ಮಲಗಲಿಲ್ಲ. ಬಾಗಿಲು ತೆರೆದೇ ಇದ್ದ ಮನೆಯಲ್ಲಿ ವರ್ಷಗಳು ಕೂಡಿಹಾಕಿಕೊಂಡು ಕಳೆದವು. ಅಕ್ಕನ ಮೇಲೆ ಸಿಟ್ಟು ಬಂದಾಗೆಲ್ಲ, ಪಾಪ, ಅವಳಿಗೇನು ಗೊತ್ತು ಎಂದು ತನ್ನನ್ನು ತಾನೇ ಗದರಿಸಿಕೊಳ್ಳುತ್ತಿದ್ದಳು.

*

ಮಧ್ಯಾಹ್ನದ ಹೊತ್ತಿಗೆ ಗಾಡಿ ಬಂತು. ಅಕ್ಕನನ್ನು ಕಳಿಸಿಕೊಟ್ಟು ಎಲ್ಲರೂ ಮರಳಿದಾಗ ಮನೆ ಇದ್ದಕ್ಕಿದ್ದಂತೆ ದೊಡ್ಡದಾಗಿ ಕಂಡಿತು. ಹತ್ತಿರದವರು ಹಿತ್ತಿಲ ಜಗಲಿಯಲ್ಲಿ ಟೀ ಹಿಡಿದು ಕೂತರು. ಟೀಚರೂ ಹೋಗಿರಲಿಲ್ಲ, ಚೀಲ ತೊಡೆಯ ಮೇಲಿತ್ತು.

"ನೀನೇನೂ ಯೋಚ್ನೆ ಮಾಡ್ಬೇಡ," ಎಂದ ಅಣ್ಣ ತಂಗಿಗೆ. "ಬಣ್ಣದ ಕೆಲ್ಸ ಇವತ್ತಿಗೆ ಮುಗೀತು. ಮೇಲೆ ನಮ್ಜೊತೆ ಇರು. ನಿಮ್ಮತ್ತಿಗೆಗೂ ಮಂಡಿನೋವು, ಅಡುಗೆಮನೇಲಿ ಒಂದು ಆಸರೆ ಆಗುತ್ತೆ."

"ನಾನೇನು ಕೆಲ್ಸಕ್ಕೆ ಕರೀತಿಲ್ಲಪ್ಪ," ಎಂದಳು ಅತ್ತಿಗೆ. "ಒಂಟಿ ಹೆಂಗ್ಸು ಎಲ್ಲಿಗೆ ಹೋಗ್ತಾಳೆ ಅಂತ."

ಹೋಗುತ್ತೇನೆ ಎನ್ನಲು ಚಿಕ್ಕವಳು ಬಾಯಿ ತೆರೆದಳು. ಅಷ್ಟರಲ್ಲಿ ಉಲ್ಲನ್ ಅಂಗಡಿಯವರು ಮಾತು ತೆಗೆದರು. ಅಕ್ಕನಿಗೆ ಮೊದಲಿನಿಂದ ಬಿಳಿ ಉಲ್ಲನ್ನೂ ಬಣ್ಣದ ಪುಡಿಯೂ ಕೊಡುತ್ತಿದ್ದ ಮುದುಕರು ಅವರು.

"ಕಣ್ಣು ಮಂಜಾದ್ಮೇಲೂ ಕೈ ತಪ್ಲಿಲ್ಲ ನೋಡಿ ಅಕ್ಕಂದು. ಅದೇ ದೊಡ್ಡದು."

ಚಿಕ್ಕವಳು ಅವರತ್ತ ತಿರುಗಿದಳು. "ಕಣ್ಣಿನ ವಿಷ್ಯ ನಿಮಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನಮ್ಮ? ಡಬ್ಬಿಗಳಿಗೆ ನಮ್ಮ ಅಂಗಡೀಲೇ ಕೂತು ದಾರ ಕಟ್ಕೊಂಡು ಹೋಗ್ತಿದ್ರು. ನೀಲಿಗೆ ಒಂದು ಗಂಟು, ಕೆಂಪಿಗೆ ಎರಡು, ಕಂದಿಗೆ ಮೂರು, ಕಪ್ಪಿಗೆ ನಾಲ್ಕು. ಬೆರಳಲ್ಲಿ ಮುಟ್ಟಿದ್ರೆ ಸಾಕು, ಯಾವ ಡಬ್ಬಿ ಅಂತ ಹೇಳೋರು. ಚಿಕ್ಕವಳಿಗೆ ಹೇಳ್ಬೇಡಿ, ಹೆದರ್ಕೊಳ್ತಾಳೆ ಅಂತ ನನ್ನಿಂದ ಭಾಷೆ ತಗೊಂಡಿದ್ರು."

ಆ ದಾರಗಳನ್ನು ಅವಳು ದಿನಾ ಕಂಡಿದ್ದಳು. ಮುಚ್ಚಳ ಬಿಗಿಯಾಗಿರಲಿ ಎಂದು ಕಟ್ಟಿದ್ದಾಳೆ ಎಂದುಕೊಂಡಿದ್ದಳು. ಮೂರು ಗಂಟಿಗೂ ನಾಲ್ಕು ಗಂಟಿಗೂ ಅಕ್ಕನ ಬೆರಳಿಗೆ ವ್ಯತ್ಯಾಸ ಗೊತ್ತಾಗುತ್ತಿತ್ತು ಎಂದಾದರೆ...

"ಹಾಗಾದ್ರೆ ಕಂದು ಡಬ್ಬಿ ಅಂತ ಗೊತ್ತಿದ್ದೇ ಹಾಕ್ತಿದ್ಲಾ?"

"ಮೊದಲ್ನೇ ಸಲ ಏನಾಯ್ತೋ ಕಾಣೆ. ಗಂಟು ಹಾಕೋಕೆ ಶುರುಮಾಡಿದ್ದು ಆಮೇಲೆ. ನಾನೂ ಒಂದಿನ ಕೇಳ್ದೆ, ಅಕ್ಕಾ, ಕಂದು ಉಲ್ಲನ್ ನೀವು ಮಾರೋದೇ ಇಲ್ಲ, ಇಷ್ಟೊಂದು ಕಂದು ಪುಡಿ ಯಾಕೆ ಅಂತ. ನಕ್ಬಿಟ್ರು. 'ನಾನು ಕೆಡಿಸ್ತೀನಿ, ನಮ್ಮ ಚಿಕ್ಕವಳು ಸರಿಮಾಡ್ತಾಳೆ. ಸರಿಮಾಡೋಕೆ ಏನಾದ್ರೂ ಇರೋತನಕ ಅವ್ಳು ನನ್ನ ಬಿಟ್ಟು ಎಲ್ಲೂ ಹೋಗಲ್ಲ' ಅಂದ್ರು. ಅದಕ್ಕೇ ನಾನು ಹೇಳೋದು, ನೀಲಿ ಎಲ್ಲೂ ಹೋಗಿಲ್ಲ! ಇವರೇ ಇದ್ದಾರಲ್ಲ!"

 ಜಗಲಿಯಲ್ಲಿದ್ದವರಿಗೆಲ್ಲ ಒಟ್ಟಿಗೆ ಜೀವ ಬಂತು.

"ಇವಳಾ ಮಾಡ್ತಿದ್ದಿದ್ದು?" ಎಂದಳು ಅತ್ತಿಗೆ.

"ಹಾಗಾದ್ರೆ ಇನ್ನೇನು! ಕೆಲ್ಸ ಹಾಗೇ ನಡೀಲಿ," ಎಂದ ಅಣ್ಣ. ಐದು ನಿಮಿಷದ ಹಿಂದೆ ತಾನೇ ಮುಗಿಸಿದ್ದು ಅವನಿಗೆ ಮರೆತೇ ಹೋಗಿತ್ತು. "ಅಕ್ಕನ ಹೆಸ್ರು ಉಳಿಯುತ್ತೆ."

"ಬರೋ ವಾರವೇ ಉಲ್ಲನ್ ಕಳಿಸ್ತೀನಿ," ಎಂದರು ಅಂಗಡಿಯವರು.

ಟೀಚರ್ ಚೀಲದಿಂದ ಸ್ವೆಟರ್ ತೆಗೆದು, ಇಲ್ಲದ ತೋಳಿನ ಕಡೆಯನ್ನು ನಾಚಿಕೆಯಿಂದ ಮುಂದೆ ಹಿಡಿದರು.

ಚಿಕ್ಕವಳಿಗೆ ತನ್ನದೇ ಮಾತು ನೆನಪಾಯಿತು. ಪಾಪ, ಅವಳಿಗೇನು ಗೊತ್ತು! ಎಲ್ಲ ಗೊತ್ತಿತ್ತು. ಗೊತ್ತಿದ್ದು ಗೊತ್ತಿದ್ದು ಪ್ರತಿ ಪಾತ್ರೆಯಲ್ಲೂ ಒಂದು ಚಮಚ ಕೇಡು ಹಾಕಿ, ತಂಗಿಯನ್ನು ಕಟ್ಟಿಹಾಕಿ, ಮುಂದಿನ ಕೋಣೆಯಲ್ಲಿ ನೆಮ್ಮದಿಯಾಗಿ ಕೂರುತ್ತಿದ್ದಳು. 'ಹೋಗ್ಬೇಡ ಕಣೇ, ನಂಗೆ ಭಯ ಆಗುತ್ತೆ' ಎಂದು ಒಂದೇ ಒಂದು ಸಲ ಬಾಯಿಬಿಟ್ಟು ಕೇಳಿದ್ದರೆ ತಾನು ಇರುತ್ತಿರಲಿಲ್ಲವೇ? ಇರುತ್ತಿದ್ದಳೋ ಇಲ್ಲವೋ, ಈಗ ಯಾರಿಗೆ ಗೊತ್ತು. ಸಿಟ್ಟು ಮಾಡೋಣ ಎಂದರೆ ಅಕ್ಕನೂ ಇಲ್ಲ. ಅದು ಎಲ್ಲಕ್ಕಿಂತ ದೊಡ್ಡ ಮೋಸ ಎನ್ನಿಸಿತು.

ಅವಳು ಟೀ ಲೋಟ ಕೆಳಗಿಟ್ಟು ಎದ್ದಳು.

"ಬನ್ನಿ ಟೀಚರ್, ಒಳಗೆ. ಎಲ್ಲರೂ ಬನ್ನಿ. ನಾನು ಹೇಳ್ತೀನಿ, ಟೀಚರ್ ಮಾಡ್ತಾರೆ. ಕಲ್ತುಕೊಳ್ಳಿ. ನಾಡಿದ್ದು ನಾನಿರಲ್ಲ."

"ಇರಲ್ಲ ಅಂದ್ರೆ?" ಎಂದ ಅಣ್ಣ. "ಎಲ್ಲಿಗೆ ಹೋಗ್ತೀಯ?"

"ದೋಣಿ ಟಿಕೆಟ್ ಹರಿಯೋಕೆ."

ಅವಳಿಗೆ ತಲೆ ಕೆಟ್ಟಿದೆ ಎಂದು ಅತ್ತಿಗೆ ಅಣ್ಣನ ಕಿವಿಯಲ್ಲಿ ಹೇಳಿದ್ದು ಎಲ್ಲರಿಗೂ ಕೇಳಿಸಿತು.

*

ಅಕ್ಕ ನೆನೆಹಾಕಿದ್ದ ಲಡಿಗಳು ಬಕೆಟ್ಟಿನಲ್ಲಿ ಹಾಗೇ ಇದ್ದವು. ಇನ್ನೊಂದು ದಿನ ಬಿಟ್ಟರೆ ನಾರುತ್ತಿದ್ದವು. ಚಿಕ್ಕವಳು ಸ್ಟೌ ಹಚ್ಚಿಸಿ, ಪಾತ್ರೆ ಇಡಿಸಿ, ತಾನು ಗೋಡೆಗೆ ಒರಗಿ ನಿಂತಳು.

"ಮೊದಲು ಒಂದು ಗಂಟಿನ ಡಬ್ಬಿ, ಎರಡು ಚಮಚ. ಈಗ ಮೂರು ಗಂಟಿಂದು, ಒಂದು ಚಮಚ, ತುಂಬಾ."

"ಅಯ್ಯೋ, ಇದು ಕಂದಲ್ವಾ? ಕೆಟ್ಹೋಗುತ್ತೆ!"

"ಕೆಡ್ಬೇಕು ಟೀಚರ್. ಮೊದಲು ಅಕ್ಕನ ಹಾಗೆ ಕೆಡಿಸ್ಬೇಕು, ಆಮೇಲೆ ನನ್ನ ಹಾಗೆ ಸರಿಮಾಡ್ಬೇಕು. ಸೀದಾ ದಾರೀಲಿ ಈ ಬಣ್ಣ ಬರೋದಿಲ್ಲ. ನಾನೂ ನೋಡಿದೀನಿ."

ಟೀಚರ್ ಉಸಿರು ಬಿಗಿಹಿಡಿದು ಕಂದು ಹಾಕಿದರು. ಎಮ್ಮೆಬಾಲ ಕಂಡು ಅಣ್ಣ ಲೊಚಗುಟ್ಟಿದ. ಅರ್ಧ ನೀರು ಚೆಲ್ಲಿಸಿ, ಬಿಸಿನೀರು ಹೊಯ್ಸಿ, ನೀಲಿ, ವಿನೆಗರ್ ಎಲ್ಲ ಒಂದೊಂದಾಗಿ ಹೇಳಿ ಹಾಕಿಸಿದಳು. "ಕೈಯಾಡಿಸ್ಬೇಡಿ, ಉಲ್ಲನ್ ಗಂಟುಕಟ್ಟುತ್ತೆ. ಕುದಿಯೋಕೂ ಬಿಡ್ಬೇಡಿ." ಹೆಬ್ಬೆರಳಿನಿಂದ ಅಂಗೈಯನ್ನು ತಿಕ್ಕಿಕೊಳ್ಳುತ್ತ ಅವಳು ಕಾದಳು. ನೀರು ತೆಳುವಾಗುತ್ತ ಬಂತು.

ಇನ್ನು ಉಳಿದದ್ದು ಹಸಿರು. ಅದನ್ನು ಹೇಳಿಕೊಡಲು ಬರುವುದಿಲ್ಲ. ಅವತ್ತಿನ ನೀರು, ಅವತ್ತಿನ ಉಲ್ಲನ್ ನೋಡಿ ಕಣ್ಣು ಹೇಳಬೇಕು. ಅವಳ ಕೈ ತಾನಾಗಿಯೇ ಡಬ್ಬಿಗೆ ಹೋಗಿ ಚಿಟಿಕೆ ಹಿಡಿದು ಪಾತ್ರೆಯ ಮೇಲೆ ಬಂದಿತ್ತು. ಅಲ್ಲೇ ಅದನ್ನು ತಡೆದಳು. ಇದನ್ನು ಹಾಕಿದರೆ ಮುಗಿಯಿತು. ನಿಮ್ಮ ಕೈಯೇ ಬೇಕು ಎನ್ನುತ್ತಾರೆ, ಮತ್ತೆ ನಾಳೆ ಇದೇ ಬಕೆಟ್ಟು, ಇದೇ ಬಚ್ಚಲು. ಹಾಕದಿದ್ದರೆ ಬಣ್ಣ ಅರ್ಧಕ್ಕೇ ನಿಲ್ಲುತ್ತದೆ. ನೋಡಿದವರು ಮುಖ ಸಪ್ಪಗೆ ಮಾಡಿ, ಇವಳಿಂದಲೂ ಆಗಲಿಲ್ಲ ಎಂದು ಕೈಬಿಡುತ್ತಾರೆ. ಟೀಚರ್ ತೋಳಿಗೆ ಅನ್ಯಾಯವಾಗುತ್ತದೆ, ಆಗಲಿ. ಅವಳು ಕೈ ಹಿಂದಕ್ಕೆಳೆದುಕೊಂಡು ಬೆನ್ನ ಹಿಂದೆ ಮುಷ್ಟಿ ಮಾಡಿದಳು.

"ಇನ್ನೇನಾದ್ರೂ ಇದ್ಯಾ?" ಎಂದರು ಟೀಚರ್.

"ಇಲ್ಲ. ಅಷ್ಟೇ."

ಅಕ್ಕನಾದರೆ ತಣಿಯಲು ಬಿಡುತ್ತಿದ್ದಳು. ಟೀಚರಿಗೆ ಅಷ್ಟು ತಾಳ್ಮೆ ಎಲ್ಲಿ? ಕೋಲಿನಿಂದ ಒಂದು ಲಡಿಯನ್ನೆತ್ತಿ ಹಿತ್ತಿಲ ಹಗ್ಗಕ್ಕೆ ಹಾಕಿದರು. ಒದ್ದೆಯನ್ನು ಒಣಗಿದ್ದರ ಪಕ್ಕ ಹಿಡಿದರೆ ಗೊತ್ತಾಗುವುದಿಲ್ಲವೆಂದು ಚಿಕ್ಕವಳು ಸ್ವೆಟರಿನ ತೋಳಿನ ತುದಿಯನ್ನೂ ನೀರಲ್ಲಿ ಅದ್ದಿಸಿದಳು. ಎರಡನ್ನೂ ಒಂದೇ ಬಿಸಿಲಿಗೆ ಹಿಡಿದರು.

ಚಿಕ್ಕವಳು ನೋಡಿದಳು. ಎರಡಕ್ಕೂ ಅಜಗಜಾಂತರ. ತೋಳಿನ ನೀಲಿ ಉಸಿರಾಡುತ್ತಿತ್ತು. ಲಡಿಯ ನೀಲಿ ಸುಮ್ಮನೆ ನೀಲಿ, ಮಂಕು, ಸತ್ತದ್ದು. ಟೀಚರ್ ಮುಖ ಬಾಡುವುದನ್ನು ನೋಡಲಾರದೆ ಅವಳು ಕಣ್ಣು ಕೆಳಗಿಳಿಸಿದಳು.

"ಅದೇ!" ಎಂದು ಟೀಚರ್ ಕೂಗಿದರು. "ಅಯ್ಯೋ, ಅದೇ ಬಣ್ಣ! ಚೂರೂ ಬೇರೆ ಇಲ್ಲ!"

ಅಣ್ಣ ಬಂದು ನೋಡಿದ. "ಅದೇ. ಅಕ್ಕನ ನೀಲಿನೇ." ಅತ್ತಿಗೆಯೂ ತಲೆಯಾಡಿಸಿದಳು. ಜನ್ಮವೆಲ್ಲ ಉಲ್ಲನ್ ಮಾರಿದ ಅಂಗಡಿಯವರು ಕನ್ನಡಕ ಒರೆಸಿ ಹಾಕಿಕೊಂಡು, ಲಡಿಯನ್ನೂ ತೋಳನ್ನೂ ಕಣ್ಣಿಗೆ ಹತ್ತಿರ ಹಿಡಿದು, ತಿರುಗಿಸಿ, ಮತ್ತೆ ತಿರುಗಿಸಿ ನೋಡಿದರು.

"ಏನೂ ವ್ಯತ್ಯಾಸ ಇಲ್ಲ," ಎಂದರು. "ಯಾರು ಬೇಕಾದ್ರೂ ಮಾಡ್ಬಹುದು ಬಿಡಿ, ದಾರಿ ಗೊತ್ತಾದ್ರೆ."

"ಸರಿಯಾಗಿ ನೋಡಿ," ಎಂದಳು ಚಿಕ್ಕವಳು.

"ನೋಡಿದ್ನಲ್ಲಮ್ಮ."

"ಬಿಸಿಲಿಗೆ ಹಿಡ್ದು ನೋಡಿ. ಅಂಚಲ್ಲಿ ನೋಡಿ. ಇನ್ನೊಂದ್ಸಲ ನೋಡಿ, ನಿಮ್ಮ ದಮ್ಮಯ್ಯ."

ಅವರು ಅವಳ ಸಮಾಧಾನಕ್ಕೆಂದು ಇನ್ನೊಂದು ಸಲ ನೋಡಿದರು. ಟೀಚರ್ ಆಗಲೇ ಜಗಲಿಯ ಮೇಲೆ ಕೂತು, ಎರಡನೇ ತೋಳಿಗೆಂದು ಕಡ್ಡಿಗೆ ಏರಿಸಬೇಕಾದ ಕುಣಿಕೆಗಳನ್ನು ಮನಸ್ಸಿನಲ್ಲೇ ಎಣಿಸತೊಡಗಿದ್ದರು. ಚಿಕ್ಕವಳು ಮೆಟ್ಟಿಲ ಮೇಲೆ ಕುಸಿದು, ಆ ದಿನ ಮೊದಲ ಬಾರಿಗೆ, ಬಿಕ್ಕಿ ಬಿಕ್ಕಿ ಅತ್ತಳು.

"ಅಳಲಿ ಬಿಡಿ," ಎಂದಳು ಅತ್ತಿಗೆ ಪಿಸುದನಿಯಲ್ಲಿ. "ಬೆಳಿಗ್ಗೆಯಿಂದ ಅತ್ತೇ ಇರ್ಲಿಲ್ಲ."

ಯಾರೂ ತನ್ನ ಕಡೆ ನೋಡದಿದ್ದಾಗ ಚಿಕ್ಕವಳು ಮುಷ್ಟಿ ಬಿಚ್ಚಿದಳು. ಬೆವರಿಗೆ ಕರಗಿದ ಹಸಿರು ಅಂಗೈಯ ಗೆರೆಗೆರೆಗೂ ಇಳಿದು, ಬೆರಳ ಸಂದಿಯಿಂದ ಮಣಿಕಟ್ಟಿನ ಕಡೆಗೆ ಹರಿಯುತ್ತಿತ್ತು.